ಕಂದನ ತೂಕ ಏರುತ್ತಿದೆಯೇ? ತಾಯಿ ಕಾರ್ಡಿನ ಗೆರೆ ಓದುವ ಬಗೆ

ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದಿಗೆ ಬಂದ ಎರಡು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಹೆಣ್ಣುಮಗು 7.1 ಕೆಜಿ, ಗಂಡುಮಗು 7.4 ಕೆಜಿ. ಹೆಣ್ಣುಮಗುವಿನದು ಸಣ್ಣ ಮೈಕಟ್ಟು. ನೋಡಿದವರೆಲ್ಲ "ಯಾಕಮ್ಮ, ಹಾಲು ಸಾಲ್ತಿಲ್ವಾ? ಮಗು ಮೈ ಹಿಡಿದೇ ಇಲ್ಲ" ಎನ್ನುತ್ತಾರೆ. ಗಂಡುಮಗುವಿನ ಕೆನ್ನೆ ಗುಂಡಗಿದೆ, ಹಾಗಾಗಿ ಅವನ ತಾಯಿಗೆ ಯಾರೂ ಏನೂ ಹೇಳುವುದಿಲ್ಲ.

ಈಗ ಇಬ್ಬರ ಹಳೆಯ ತೂಕಗಳನ್ನು ನೋಡೋಣ. ಹೆಣ್ಣುಮಗು ಹುಟ್ಟಿದಾಗ 2.7, ಮೂರು ತಿಂಗಳಿಗೆ 5.0, ಆರು ತಿಂಗಳಿಗೆ 6.3, ಈಗ 7.1. ಗಂಡುಮಗು ಹುಟ್ಟಿದಾಗ 3.3, ಮೂರು ತಿಂಗಳಿಗೆ 6.4, ಆರು ತಿಂಗಳಿಗೆ 7.2, ಈಗ 7.4. ಹೆಣ್ಣುಮಗು ಮೊದಲಿನಿಂದಲೂ ಒಂದೇ ದಾರಿ ಹಿಡಿದು ಮೇಲೇರುತ್ತಿದೆ. ಗಂಡುಮಗುವಾದರೋ ಕಳೆದ ಮೂರು ತಿಂಗಳಲ್ಲಿ ಹೆಚ್ಚಾಗಿರುವುದು ಬರೀ 200 ಗ್ರಾಂ. ಆ ವಯಸ್ಸಿನಲ್ಲಿ ಗಂಡುಮಕ್ಕಳು ಸಾಮಾನ್ಯವಾಗಿ ಹೆಚ್ಚುವುದು ಒಂದು ಕೆಜಿ ಹತ್ತಿರ. ತಾಯಿ ಕಾರ್ಡಿನಲ್ಲಿ ವಯಸ್ಸಿಗೆ ಎದುರಾಗಿ ತೂಕ ಗುರುತಿಸಿದ ಅವನ ಚುಕ್ಕೆ, ವಯಸ್ಸಿಗೆ ತಕ್ಕ ತೂಕ ಎನ್ನುವ ಹಸಿರು ಪಟ್ಟಿಯೊಳಗೇ ಇದೆ. ಆದರೂ ಅನುಭವಿ ವೈದ್ಯರು ಕೂರಿಸಿಕೊಂಡು ಪ್ರಶ್ನೆ ಕೇಳುವುದು ಅವನ ತಾಯಿಯನ್ನೇ.

ಒಂದು ದಿನದ ತೂಕದಿಂದ ತಿಳಿಯುವುದು ಅಷ್ಟಕ್ಕಷ್ಟೆ. ಚುಕ್ಕೆಗಳನ್ನು ಸೇರಿಸಿದಾಗ ಮೂಡುವ ಗೆರೆ ಯಾವ ಕಡೆ ಹೊರಟಿದೆ ಎಂಬುದರಲ್ಲಿ ಇಡೀ ಸುದ್ದಿ ಇದೆ.

ಈ ಗೆರೆಗಳು ಎಲ್ಲಿಂದ ಬಂದವು

ತಾಯಿ ಕಾರ್ಡಿನಲ್ಲಿ, ಅಂಗನವಾಡಿಯ ಪುಸ್ತಕದಲ್ಲಿ, ಮಕ್ಕಳ ವೈದ್ಯರ ಕಂಪ್ಯೂಟರಿನಲ್ಲಿ ಇರುವ ಬೆಳವಣಿಗೆ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿತು. ಅದಕ್ಕಾಗಿ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆದರು. ನಮ್ಮ ದೇಶದಿಂದ ಸೇರಿದವರು ದಕ್ಷಿಣ ದೆಹಲಿಯ ಮಕ್ಕಳು. ಎದೆಹಾಲು ಕುಡಿದ, ಧೂಮಪಾನ ಮಾಡದ ತಾಯಂದಿರ, ಆರೈಕೆಗೆ ಕೊರತೆಯಿಲ್ಲದ ಮನೆಗಳ ಮಕ್ಕಳನ್ನಷ್ಟೇ ಆರಿಸಿಕೊಂಡಿದ್ದರು. ಅನುಕೂಲ ಒಂದೇ ಆಗಿದ್ದರೆ ಮೊದಲ ಐದು ವರ್ಷ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಆಗ ಕಂಡುಬಂತು. "ಇದು ಫಾರಿನ್ ಮಕ್ಕಳ ಪಟ್ಟಿ, ನಮ್ಮ ಮಕ್ಕಳಿಗೆ ಹೊಂದಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ.

ಅದಕ್ಕೂ ಮೊದಲು ಬಳಕೆಯಲ್ಲಿದ್ದ ಪಟ್ಟಿಗೆ ಆಧಾರವಾಗಿದ್ದವರು ಬಹುಪಾಲು ಡಬ್ಬಿಹಾಲು ಕುಡಿದ ಅಮೆರಿಕದ ಮಕ್ಕಳು. ಎದೆಹಾಲು ಕುಡಿಯುವ ಮಗು ಮೊದಲ ಎರಡು ಮೂರು ತಿಂಗಳು ಸರಸರನೆ ತೂಕ ಏರಿಸಿಕೊಂಡು, ಆಮೇಲೆ ಡಬ್ಬಿಹಾಲಿನ ಮಗುವಿಗಿಂತ ನಿಧಾನವಾಗುತ್ತದೆ. ಹಳೆಯ ಪಟ್ಟಿಯಲ್ಲಿ ಗುರುತಿಸಿದರೆ ನಾಲ್ಕನೇ ತಿಂಗಳಿನಿಂದ ಚುಕ್ಕೆ ಕೆಳಗಿಳಿದಂತೆ ಕಾಣುತ್ತಿತ್ತು. ಪಟ್ಟಿ ಬದಲಾಗಿದೆ, "ಮೂರು ತಿಂಗಳಾದ ಮೇಲೆ ಎದೆಹಾಲು ಸಾಲದು" ಎಂಬ ಮಾತು ಮಾತ್ರ ಉಳಿದುಕೊಂಡಿದೆ.

ಪಟ್ಟಿಯ ಮೇಲಿನ ಶೇಕಡಾ ಗೆರೆ ಅಂದರೆ ಪರ್ಸೆಂಟೈಲ್, ಅನೇಕರು ತಪ್ಪಾಗಿ ಓದುವ ಜಾಗ. ಒಂದೇ ವಯಸ್ಸಿನ 100 ಆರೋಗ್ಯವಂತ ಮಕ್ಕಳನ್ನು ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಕಡಿಮೆ ತೂಕದಿಂದ ಹೆಚ್ಚು ತೂಕದವರೆಗೆ ಸಾಲಾಗಿ ನಿಲ್ಲಿಸಿ. 15ನೇ ಪರ್ಸೆಂಟೈಲ್ ಎಂದರೆ ನಿಮ್ಮ ಮಗು ಮುಂದಿನಿಂದ ಹದಿನೈದನೆಯದು, ಅಷ್ಟೆ. ಸಾಲಿನಲ್ಲಿ ನಿಂತವರೆಲ್ಲ ಆರೋಗ್ಯವಂತರೇ. ಯಾರಾದರೂ ಒಬ್ಬರು ಮುಂದೆ ನಿಲ್ಲಲೇಬೇಕು. ಅದನ್ನು ನೂರಕ್ಕೆ ಹದಿನೈದು ಅಂಕ ಎಂದು ಓದಿಕೊಂಡು ಕಣ್ಣೀರು ಹಾಕುವ ತಾಯಂದಿರು ಕಡಿಮೆಯಿಲ್ಲ.

ಸರ್ಕಾರಿ ಕಾರ್ಡಿನಲ್ಲಿ ಶೇಕಡಾ ಬದಲು ಬಣ್ಣಗಳಿವೆ. ಹಸಿರು ಎಂದರೆ ವಯಸ್ಸಿಗೆ ತಕ್ಕ ತೂಕ. ಅದರ ಕೆಳಗಿನ ಹಳದಿ ಎಂದರೆ ತೂಕ ಕಡಿಮೆ. ಅದಕ್ಕೂ ಕೆಳಗಿನ ಕಿತ್ತಳೆ ಅಥವಾ ಕೆಂಪು ಎಂದರೆ ತೀವ್ರವಾಗಿ ಕಡಿಮೆ. ಹಸಿರು ಮತ್ತು ಹಳದಿಯ ನಡುವಿನ ಗಡಿಗೆ ಮೈನಸ್ ಎರಡು ಎನ್ನುತ್ತಾರೆ. ನೂರು ಆರೋಗ್ಯವಂತ ಮಕ್ಕಳಲ್ಲೂ ಇಬ್ಬರು ಮೂವರು ಅದರ ಕೆಳಗೆ ಬರುತ್ತಾರೆ. ಹಾಗಾಗಿ ಹಳದಿ ಬಂದ ಕೂಡಲೇ ಕಾಯಿಲೆ ಎಂದಲ್ಲ, ಪರೀಕ್ಷೆ ಮಾಡಿ ನೋಡಬೇಕು ಎಂದು. ಗಂಡು ಮತ್ತು ಹೆಣ್ಣುಮಕ್ಕಳ ಪಟ್ಟಿ ಬೇರೆ ಬೇರೆ. ಮಗಳ ಚುಕ್ಕೆಯನ್ನು ಗಂಡುಮಕ್ಕಳ ಪುಟದಲ್ಲಿ ಇಟ್ಟುಬಿಟ್ಟರೆ ಇಲ್ಲದ ಕೊರತೆ ಕಾಣಿಸಿಕೊಳ್ಳುತ್ತದೆ.

ಎಷ್ಟು ಏರಬೇಕು

ಹುಟ್ಟಿದ ಮೊದಲ ಮೂರು ನಾಲ್ಕು ದಿನ ತೂಕ ಇಳಿಯುತ್ತದೆ. ಮೈಯಲ್ಲಿದ್ದ ಹೆಚ್ಚಿನ ನೀರು, ಮೊದಲ ಕಪ್ಪು ಮಲ ಹೊರಹೋಗುವುದರಿಂದ ಹೀಗಾಗುತ್ತದೆ. 3 ಕೆಜಿಯ ಮಗು ಮೂರನೇ ದಿನ 2.8 ಕೆಜಿ ತೂಗಿದರೆ ಸಹಜ. ಹುಟ್ಟುತೂಕದ ಶೇ. 10ಕ್ಕಿಂತ ಹೆಚ್ಚು ಇಳಿದರೆ ಹಾಲು ಕುಡಿಸುವುದರಲ್ಲಿ ಏನೋ ತೊಡಕಿದೆ. 10ರಿಂದ 14 ದಿನದೊಳಗೆ ಹುಟ್ಟುತೂಕ ಮರಳಿ ಬರಬೇಕು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ತೂಗುವುದು ಇದನ್ನು ಗಮನಿಸಲೆಂದೇ. ಬಾಣಂತನಕ್ಕೆ ತವರಿಗೆ ಹೋಗಿದ್ದರೆ ಅಲ್ಲಿನ ಆಶಾಗೆ ತಿಳಿಸಿಡಿ, ಇಲ್ಲದಿದ್ದರೆ ಈ ಭೇಟಿಗಳು ತಪ್ಪಿಹೋಗುತ್ತವೆ.

ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 25ರಿಂದ 30 ಗ್ರಾಂ. ಮೂರರಿಂದ ಆರು ತಿಂಗಳವರೆಗೆ ತಿಂಗಳಿಗೆ ಸುಮಾರು 500 ಗ್ರಾಂ, ಆರರಿಂದ ಒಂಬತ್ತರವರೆಗೆ 300, ಒಂಬತ್ತರಿಂದ ಹನ್ನೆರಡರವರೆಗೆ 250ರ ಆಸುಪಾಸು, ಎರಡನೇ ವರ್ಷದಲ್ಲಿ 200. ಐದು ತಿಂಗಳ ಹೊತ್ತಿಗೆ ಹುಟ್ಟುತೂಕದ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಎಂಬ ಲೆಕ್ಕ ಬಹುತೇಕ ಸರಿ. ವರ್ಷ ತುಂಬಿದಾಗ ನಡುಗೆರೆಯ, ಅಂದರೆ ಸಾಲಿನ ನಟ್ಟನಡುವೆ ನಿಂತ ಮಗುವಿನ ತೂಕ ಗಂಡಿಗೆ 9.6 ಕೆಜಿ, ಹೆಣ್ಣಿಗೆ 8.9 ಕೆಜಿ. ಹಸಿರಿನ ತಳಗಡಿ ಗಂಡಿಗೆ 7.7, ಹೆಣ್ಣಿಗೆ 7.0. ನಡುವೆ ಎಷ್ಟು ವಿಶಾಲವಾದ ಜಾಗವಿದೆ ನೋಡಿ.

ತೂಕದ ಜೊತೆ ಉದ್ದ ಮತ್ತು ತಲೆಯ ಸುತ್ತಳತೆಯನ್ನೂ ಅಳೆಯಬೇಕು. ಹುಟ್ಟಿದಾಗ 50 ಸೆಂ.ಮೀ. ಇದ್ದ ಮಗು ವರ್ಷಕ್ಕೆ 75ರ ಹತ್ತಿರ ಬರುತ್ತದೆ. ತಲೆ 34-35ರಿಂದ 45-46ಕ್ಕೆ ಬೆಳೆಯುತ್ತದೆ, ಅದರಲ್ಲಿ ಅರ್ಧದಷ್ಟು ಮೊದಲ ಮೂರು ತಿಂಗಳಲ್ಲೇ. ಹೊಟ್ಟೆಗೆ ಸಾಲದೆ ಬೆಳವಣಿಗೆ ಕುಂದಿದಾಗ ಮೊದಲು ನಿಲ್ಲುವುದು ತೂಕ, ತಿಂಗಳುಗಟ್ಟಲೆ ಹಾಗೇ ಇದ್ದರೆ ಉದ್ದ, ಕಟ್ಟಕಡೆಗೆ ತಲೆ. ಮಿದುಳಿನ ಪಾಲನ್ನು ದೇಹ ಕೊನೆಯವರೆಗೂ ಕಾಪಾಡಿಕೊಳ್ಳುತ್ತದೆ. ಈ ಕ್ರಮ ತಲೆಕೆಳಗಾಗಿದ್ದರೆ, ಅಂದರೆ ತೂಕ ಚೆನ್ನಾಗಿದ್ದು ಉದ್ದ ಮಾತ್ರ ಹಿಂದೆ ಬಿದ್ದಿದ್ದರೆ, ವೈದ್ಯರು ಥೈರಾಯ್ಡ್‌ನಂಥ ಹಾರ್ಮೋನುಗಳ ಕಡೆ ನೋಡುತ್ತಾರೆ.

ಮೊದಲು ತೂಕದ ಯಂತ್ರವನ್ನು ಅನುಮಾನಿಸಿ

"ಹೋದ ತಿಂಗಳಿಗಿಂತ 150 ಗ್ರಾಂ ಕಡಿಮೆಯಾಗಿದೆ" ಎಂದು ಓಡಿಬರುವವರಲ್ಲಿ ಎಷ್ಟೋ ಸಲ ಮಗುವಿಗೆ ಏನೂ ಆಗಿರುವುದಿಲ್ಲ. ನೆನೆದ ಡೈಪರ್ 150 ಗ್ರಾಂ ಭಾರವಿರಬಹುದು. ಈಗಷ್ಟೇ 100 ಮಿ.ಲೀ. ಹಾಲು ಕುಡಿದ ಮಗು ಕುಡಿಯುವ ಮೊದಲಿಗಿಂತ ಸರಿಯಾಗಿ ಅಷ್ಟೇ ಹೆಚ್ಚು ತೂಗುತ್ತದೆ. ಸ್ವೆಟರ್, ಟೊಪ್ಪಿ, ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ ಎಲ್ಲ ಸೇರಿದರೆ ಒಂದು ತಿಂಗಳ ಬೆಳವಣಿಗೆ ಮಾಯವಾಗಲು ಅಥವಾ ಇಲ್ಲದ್ದು ಹುಟ್ಟಲು ಸಾಕು.

ಯಂತ್ರಗಳಲ್ಲೂ ವ್ಯತ್ಯಾಸವಿದೆ. ಮಗುವನ್ನು ಮಲಗಿಸುವ ಡಿಜಿಟಲ್ ಯಂತ್ರ 10 ಗ್ರಾಂವರೆಗೆ ತೋರಿಸಿದರೆ, ಚೀಲದಲ್ಲಿ ತೂಗುಹಾಕುವ ಗಡಿಯಾರದಂಥ ತಕ್ಕಡಿಯಲ್ಲಿ ಒಂದೊಂದು ಗೀಟೂ 100 ಗ್ರಾಂ. ಮನೆಯ ತೂಕದ ಯಂತ್ರದ ಮೇಲೆ ಅಮ್ಮ ಮಗುವನ್ನೆತ್ತಿ ನಿಂತು, ಆಮೇಲೆ ಒಬ್ಬಳೇ ನಿಂತು ಕಳೆಯುವ ವಿಧಾನ ಚಿಕ್ಕ ಮಕ್ಕಳಿಗೆ ಕೆಲಸಕ್ಕೆ ಬಾರದು. ಎರಡು ಸಲದ ತಪ್ಪೂ ಸೇರಿಕೊಳ್ಳುತ್ತದೆ.

ಆದ್ದರಿಂದ ಪ್ರತಿಸಲ ಅದೇ ಯಂತ್ರ, ಅದೇ ಹೊತ್ತು, ಹಾಲಿಗೆ ಮುಂಚೆ, ಬರಿಮೈಯಲ್ಲಿ ಅಥವಾ ಒಣ ಡೈಪರಿನಲ್ಲಿ ತೂಗಿಸಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಹಾಸಿದ ಬಟ್ಟೆಯ ಸಮೇತ ಸೊನ್ನೆ ತೋರಿಸಿದ ಮೇಲೆ ಮಗುವನ್ನು ಮಲಗಿಸಿ. ಒದ್ದಾಡುತ್ತಿದ್ದರೆ ಎರಡು ಸಲ ನೋಡಿ. ಎರಡು ವರ್ಷದವರೆಗೆ ಉದ್ದವನ್ನು ಮಲಗಿಸಿಯೇ ಅಳೆಯಬೇಕು, ಅದಕ್ಕೆ ಇಬ್ಬರು ಬೇಕು: ಒಬ್ಬರು ತಲೆ ಹಿಡಿಯಲು, ಇನ್ನೊಬ್ಬರು ಮಂಡಿ ನೇರಮಾಡಿ ಪಾದ ಒತ್ತಲು. ಟೇಪು ಹಿಡಿದು ಒಬ್ಬರೇ ಅಳೆದ ಉದ್ದ ಒಂದೆರಡು ಸೆಂಟಿಮೀಟರ್ ಅತ್ತಿತ್ತ ಆಗಿಯೇ ಆಗುತ್ತದೆ.

ಆರೋಗ್ಯವಂತ ಮಗುವಿಗೆ ತಿಂಗಳಿಗೊಮ್ಮೆ ತೂಕ ಸಾಕು. ಮನೆಗೇ ಯಂತ್ರ ತಂದು ದಿನವೂ ತೂಗಿದರೆ ಕಾಣುವುದು ಹಾಲು, ಮೂತ್ರ, ಮಲದ ಏರಿಳಿತ. ಅದರಿಂದ ಬೆಳೆಯುವುದು ಅಮ್ಮನ ಆತಂಕ.

ಗೆರೆ ಬಾಗಿದರೂ ಹೆದರಬೇಕಿಲ್ಲದ ಸಂದರ್ಭಗಳು

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಯಸ್ಸನ್ನು ತಿದ್ದಿ ಎಣಿಸಬೇಕು. 32 ವಾರಕ್ಕೆ ಹುಟ್ಟಿದ ಮಗು 8 ವಾರ ಬೇಗ ಬಂದಿದೆ. ಅದಕ್ಕೆ ಆರು ತಿಂಗಳು ತುಂಬಿದಾಗ ಪಟ್ಟಿಯಲ್ಲಿ ಚುಕ್ಕೆ ಇಡಬೇಕಾದದ್ದು ಸುಮಾರು ನಾಲ್ಕು ತಿಂಗಳ ಜಾಗದಲ್ಲಿ. ಎರಡು ವರ್ಷದವರೆಗೂ ಹೀಗೆ. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ದಿನಾಂಕವೇ ಲೆಕ್ಕ.

ತಾಯಿಗೆ ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದರೆ ಮಗು 4 ಕೆಜಿ ಹುಟ್ಟಬಹುದು. ಹೊಟ್ಟೆಯೊಳಗಿನ ತೂಕ ಬಂದದ್ದು ತಾಯಿಯ ರಕ್ತದ ಸಕ್ಕರೆಯಿಂದ. ಹೊರಬಂದ ಮೇಲೆ ತನ್ನ ಮೈಕಟ್ಟಿಗೆ ತಕ್ಕ ಗೆರೆಗೆ ನಿಧಾನವಾಗಿ ಇಳಿಯುತ್ತದೆ. ಅಪ್ಪ ಅಮ್ಮ ಇಬ್ಬರೂ ಗಿಡ್ಡವಿರುವ ಮನೆಯ ಮಕ್ಕಳೂ 6ರಿಂದ 18 ತಿಂಗಳ ನಡುವೆ ಒಂದು ಗೆರೆ ಇಳಿದು ಅಲ್ಲಿ ನೆಲೆ ನಿಲ್ಲುವುದುಂಟು. ಇಂಥ ಇಳಿತದಲ್ಲಿ ತೂಕ ಮತ್ತು ಉದ್ದ ಜೊತೆಜೊತೆಯಾಗಿ ಇಳಿಯುತ್ತವೆ, ಮಗು ಲವಲವಿಕೆಯಿಂದ ಇರುತ್ತದೆ, ಹೊಸ ಗೆರೆ ಹಿಡಿದ ಮೇಲೆ ಮತ್ತೆ ಜಾರುವುದಿಲ್ಲ.

ಹಾಲು ಸಾಲುತ್ತಿದೆಯೇ ಎಂದು ತಿಳಿಯುವುದು

ಅಳು ಇದಕ್ಕೆ ಸಾಕ್ಷಿಯಲ್ಲ, ಸಂಜೆ ಹೊತ್ತು ಹೊಟ್ಟೆ ತುಂಬಿದ ಮಗುವೂ ಅಳುತ್ತದೆ. ಎದೆ ಮೆತ್ತಗಾಯಿತು ಎಂಬುದೂ ಸಾಕ್ಷಿಯಲ್ಲ, ಆರನೇ ವಾರದ ಹೊತ್ತಿಗೆ ಎಲ್ಲರಿಗೂ ಹಾಗಾಗುತ್ತದೆ. ಪಂಪಿನಲ್ಲಿ ಬಂದ ಹಾಲನ್ನು ನೋಡಿ ಅಂದಾಜು ಕಟ್ಟಬೇಡಿ, ಮಗು ಎಳೆದುಕೊಳ್ಳುವಷ್ಟನ್ನು ಪಂಪು ಎಳೆಯುವುದಿಲ್ಲ. ನಂಬಬಹುದಾದ ಗುರುತು ಎರಡು: ಐದಾರನೇ ದಿನದ ನಂತರ 24 ಗಂಟೆಯಲ್ಲಿ ಆರು ಸಲವಾದರೂ ತಿಳಿಯಾದ ಮೂತ್ರ, ಮತ್ತು ಏರುತ್ತಿರುವ ತೂಕ. ಮಧ್ಯೆ ನೀರು, ಗ್ರೈಪ್ ವಾಟರ್ ಕುಡಿಸುತ್ತಿದ್ದರೆ ಮೂತ್ರದ ಲೆಕ್ಕ ಕೆಡುತ್ತದೆ.

ತೂಕ ಏರದಿದ್ದರೆ ಮೊದಲು ನೋಡಬೇಕಾದದ್ದು ಮಗು ಎದೆಗೆ ಕಚ್ಚಿಕೊಂಡ ರೀತಿ. ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲ್ಗಡೆ ಹೆಚ್ಚು ಕಾಣಬೇಕು. ಬರೀ ತೊಟ್ಟನ್ನು ಚೀಪಿದರೆ ಅಮ್ಮನಿಗೆ ನೋವು, ಮಗುವಿಗೆ ಹಾಲಿಲ್ಲ. ಎರಡನೆಯದು ಗಡಿಯಾರ ನೋಡಿ ಕುಡಿಸುವುದು. ಐದು ನಿಮಿಷಕ್ಕೆ ಒಂದು ಕಡೆ ಬಿಡಿಸಿ ಇನ್ನೊಂದಕ್ಕೆ ಹಾಕಿದರೆ ಕೊನೆಯಲ್ಲಿ ಬರುವ ಗಟ್ಟಿ, ಕೊಬ್ಬಿನ ಹಾಲು ಸಿಗುವುದಿಲ್ಲ. ಒಂದು ಕಡೆ ಮುಗಿಯಲಿ, ಮಗುವೇ ಬಿಡಲಿ. ದಿನಕ್ಕೆ 8ರಿಂದ 12 ಸಲ, ರಾತ್ರಿಯೂ ಸೇರಿ. ಕಡಿಮೆ ತೂಕದಲ್ಲಿ ಹುಟ್ಟಿದ ಮಗು ಹಸಿವಾದರೂ ನಿದ್ದೆ ಮಾಡುತ್ತದೆ. ಅದನ್ನು ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿಯೇ ಕುಡಿಸಬೇಕು. ಕಚ್ಚಲು ಶಕ್ತಿ ಸಾಲದಿದ್ದರೆ ಹಿಂಡಿದ ಹಾಲನ್ನು ಬಾಟಲಿಯ ಬದಲು ಒಳಲೆಯಲ್ಲಿ ಕೊಡಿ, ಪ್ರತಿಸಲ ಅದನ್ನು ನೀರಿನಲ್ಲಿ ಕುದಿಸಿ.

ಡಬ್ಬಿಹಾಲಿನ ಮಕ್ಕಳಲ್ಲಿ ತೂಕ ನಿಲ್ಲಲು ಒಂದು ಕಾರಣ ತೀರಾ ಸರಳ: ಡಬ್ಬಿ ಬೇಗ ಖಾಲಿಯಾಗದಿರಲೆಂದು ನೀರು ಹೆಚ್ಚಿಸುವುದು. ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಮಟ್ಟದ ಅಳತೆ ಪುಡಿ; ನಿಮ್ಮ ಡಬ್ಬಿಯ ಮೇಲೆ ಬರೆದಿರುವುದನ್ನೇ ಪಾಲಿಸಿ. ಒಂದು ವರ್ಷದೊಳಗೆ ಹಸುವಿನ ಹಾಲನ್ನು ಮುಖ್ಯ ಹಾಲಾಗಿ ಕೊಡಬಾರದು, ಅದರಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ.

ಆರು ತಿಂಗಳ ನಂತರ: ತಿಳಿಗಂಜಿಯ ಲೆಕ್ಕ

ನಮ್ಮಲ್ಲಿ ಗೆರೆ ಚಪ್ಪಟೆಯಾಗುವ ವಯಸ್ಸು ಹೆಚ್ಚಾಗಿ ಇದೇ. ಮೇಲೆ ಹೇಳಿದ ಗಂಡುಮಗುವಿನ ಕಥೆಯೂ ಬಹುಶಃ ಇಲ್ಲೇ ಶುರುವಾಗಿರುತ್ತದೆ. ಮಗು ಊಟ ಮಾಡುತ್ತಿದೆ, ಬಟ್ಟಲು ಖಾಲಿಯಾಗುತ್ತಿದೆ, ತೂಕ ಮಾತ್ರ ಏರುತ್ತಿಲ್ಲ.

ಲೆಕ್ಕ ಹಾಕಿ ನೋಡಿ. 7 ಕೆಜಿ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿ.ಲೀ. ಅಷ್ಟು ಎದೆಹಾಲಿನಲ್ಲಿ 130 ಕ್ಯಾಲೊರಿಯಷ್ಟಿದೆ. ಅದೇ 200 ಮಿ.ಲೀ. ನೀರಿಗೆ 10 ಗ್ರಾಂ ರಾಗಿಹಿಟ್ಟು ಕದಡಿ ಕಾಯಿಸಿದ ತೆಳು ಸರಿಯಲ್ಲಿ ಇರುವುದು 32 ಕ್ಯಾಲೊರಿ. ಹೊಟ್ಟೆ ತುಂಬಿತು, ಮಗು ಮಲಗಿತು, ಒಂದು ಸಲದ ಎದೆಹಾಲೂ ತಪ್ಪಿತು. ಬೇಳೆಕಟ್ಟು, ಅನ್ನದ ಗಂಜಿತಿಳಿ, ತರಕಾರಿ ಬೇಯಿಸಿದ ನೀರು ಎಲ್ಲದರದೂ ಇದೇ ಪಾಡು.

ಅದೇ ಬಟ್ಟಲಿಗೆ 25 ಗ್ರಾಂ ರಾಗಿಹಿಟ್ಟು, 10 ಗ್ರಾಂ ಹುರಿದ ಹೆಸರುಬೇಳೆ ಹಿಟ್ಟು ಹಾಕಿ ಬೇಯಿಸಿ, ಇಳಿಸಿದ ಮೇಲೆ ಒಂದು ಚಹಾ ಚಮಚ ತುಪ್ಪ ಬೆರೆಸಿದರೆ 160 ಕ್ಯಾಲೊರಿಯ ಹತ್ತಿರ ಬರುತ್ತದೆ. ತುಪ್ಪವೊಂದೇ 45 ಕೊಡುತ್ತದೆ. ಹದ ನೋಡುವುದು ಸುಲಭ: ಚಮಚ ಓರೆ ಮಾಡಿದರೆ ಸುರಿಯಬಾರದು, ಮೆಲ್ಲಗೆ ಜಾರಬೇಕು.

ಇಷ್ಟು ಹಿಟ್ಟು ಹಾಕಿದರೆ ಗಂಟಲಿಗೆ ಅಂಟುವಷ್ಟು ಗಟ್ಟಿಯಾಗುತ್ತದಲ್ಲ ಎಂದರೆ, ಅಜ್ಜಿಯರು ರಾಗಿಯನ್ನು ಮೊಳಕೆ ಕಟ್ಟಿಸುತ್ತಿದ್ದುದು ಇಲ್ಲಿ ನೆರವಿಗೆ ಬರುತ್ತದೆ. ಮೊಳೆಯುವಾಗ ಪಿಷ್ಟವನ್ನು ಕತ್ತರಿಸುವ ಕಿಣ್ವ ಹುಟ್ಟುತ್ತದೆ. ಮೊಳಕೆ ಹಿಟ್ಟಿನ ಸರಿ ಹೆಚ್ಚು ಹಿಟ್ಟು ಹಾಕಿದರೂ ತೆಳುವಾಗಿಯೇ ಉಳಿಯುತ್ತದೆ, ಅಂದರೆ ಅದೇ ಬಟ್ಟಲಿನಲ್ಲಿ ಹೆಚ್ಚು ಶಕ್ತಿ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಕೊನೆಗೆ ಚೆನ್ನಾಗಿ ಕುದಿಸಿ. ಕುದಿಯುವ ನೀರಿಗೆ ನೇರವಾಗಿ ಸುರಿದರೆ ಕಿಣ್ವ ಅಲ್ಲೇ ಸತ್ತು ಸರಿ ಮಾಮೂಲಿಯಂತೆ ಗಟ್ಟಿಯಾಗುತ್ತದೆ. ಈ ಹಿಟ್ಟಿನ ಸರಿ ತೆಳುವಾಗಿ ಕಾಣುವುದರಿಂದ, ಹದ ನೋಡದೆ ಹಿಟ್ಟನ್ನು ಅಳೆದೇ ಹಾಕಬೇಕು.

ಎದೆಹಾಲಿನ ಜೊತೆಗೆ ಊಟದಿಂದ ಸಿಗಬೇಕಾದದ್ದು 6ರಿಂದ 8 ತಿಂಗಳಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ, 9ರಿಂದ 11ಕ್ಕೆ 300, ವರ್ಷದ ನಂತರ 550. ಮೊದಲು ಎರಡು ಮೂರು ಸಲ, ಒಂಬತ್ತು ತಿಂಗಳ ಮೇಲೆ ಮೂರು ನಾಲ್ಕು ಸಲ. ಮೊಟ್ಟೆ, ಮೊಸರು, ಚೆನ್ನಾಗಿ ಮಸೆದ ಬೇಳೆ-ಅನ್ನ-ಸೊಪ್ಪು, ಬಾಳೆಹಣ್ಣು ಎಲ್ಲವೂ ಸೇರಲಿ. ವರ್ಷದೊಳಗೆ ಉಪ್ಪು ಸಕ್ಕರೆ ಬೇಡ; ಜೇನುತುಪ್ಪವನ್ನಂತೂ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಗರುಳಿಗೆ ಅಪಾಯ. ರಕ್ತಹೀನತೆಯಿಂದ ಹಸಿವೇ ಸತ್ತುಹೋಗುತ್ತದೆ, ಹಾಗಾಗಿ ಆರು ತಿಂಗಳಿನಿಂದ ವಾರಕ್ಕೆರಡು ಸಲ ಕೊಡುವ 1 ಮಿ.ಲೀ. ಕಬ್ಬಿಣದ ಸಿರಪ್ ತಪ್ಪಿಸಬೇಡಿ. ಹಸಿವು ಹೆಚ್ಚಿಸುತ್ತದೆ ಎನ್ನುವ ಟಾನಿಕ್ಕುಗಳಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಮೊಟ್ಟೆ, ತುಪ್ಪ ತರಬಹುದು.

ಭೇದಿ, ಜ್ವರ ಬಂದಾಗ ಊಟ ನಿಲ್ಲಿಸುವುದು ಇನ್ನೊಂದು ದೊಡ್ಡ ಕಾರಣ. ಭೇದಿಯಲ್ಲೂ ಎದೆಹಾಲು, ಮೆತ್ತನೆ ಊಟ ಮುಂದುವರಿಯಬೇಕು, ಓಆರ್‌ಎಸ್ ಜೊತೆಗೆ 14 ದಿನ ಜಿಂಕ್ ಕೊಡಬೇಕು. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಟ್ಟರೆ ಕಳೆದುಕೊಂಡ ತೂಕ ಮರಳುತ್ತದೆ.

ಕಾಯದೆ ತೋರಿಸಬೇಕಾದದ್ದು

ಎರಡು ವಾರವಾದರೂ ಹುಟ್ಟುತೂಕ ಮರಳದಿದ್ದರೆ, ಆರು ತಿಂಗಳೊಳಗೆ ಒಂದು ತಿಂಗಳು ಪೂರ್ತಿ ತೂಕ ಏರದಿದ್ದರೆ, ಮಗುವಿನ ಗೆರೆ ಪಟ್ಟಿಯಲ್ಲಿ ಅಚ್ಚಾಗಿರುವ ಎರಡು ಮುಖ್ಯ ಗೆರೆಗಳನ್ನು ದಾಟಿ ಇಳಿದರೆ ಆ ವಾರವೇ ವೈದ್ಯರಿಗೆ ತೋರಿಸಿ. ಹಾಲು ಕುಡಿಯುವಾಗ ಹಣೆ ಬೆವರುವುದು, ಉಸಿರುಗಟ್ಟಿ ಮಧ್ಯೆ ಮಧ್ಯೆ ಬಿಡುವುದು ಹೃದಯದ ತೊಂದರೆಯ ಗುರುತಾಗಿರಬಹುದು. ಕಾರಣ ಕಾಣದ ಜ್ವರ ಮರುಕಳಿಸುತ್ತಿದ್ದರೆ ಮೂತ್ರದ ಸೋಂಕು, ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ಅದನ್ನೂ ಪರೀಕ್ಷಿಸಬೇಕಾಗುತ್ತದೆ. ಪಿಚಕಾರಿಯಂತೆ ದೂರ ಚಿಮ್ಮುವ ವಾಂತಿ, ಹಸಿರು ವಾಂತಿ, ಹಾಲೇ ಮುಟ್ಟದಿರುವುದು, ಎಬ್ಬಿಸಿದರೂ ಏಳದ ಮಂಪರು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಲೆ ಗೆರೆಗಳನ್ನು ದಾಟಿ ಬೇಗಬೇಗ ದೊಡ್ಡದಾಗುತ್ತಿದ್ದರೂ ತಡಮಾಡಬಾರದು.

ಆರು ತಿಂಗಳು ಮೇಲ್ಪಟ್ಟ ಮಕ್ಕಳಿಗೆ ಅಂಗನವಾಡಿಯಲ್ಲಿ ತೋಳಿನ ಸುತ್ತಳತೆಯನ್ನು ಬಣ್ಣದ ಪಟ್ಟಿಯಿಂದ ನೋಡುತ್ತಾರೆ. 12.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಹಳದಿ, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದ ಊದಿಕೊಂಡು, ಹೆಬ್ಬೆರಳಿನಿಂದ ಒತ್ತಿದಾಗ ಕುಳಿ ಬಿದ್ದರೂ ಅದೇ. ಊತದ ನೀರಿನಿಂದ ಇಂಥ ಮಗುವಿನ ತೂಕ ಸರಿಯಾಗಿಯೇ ಕಾಣಬಹುದು, ಮೋಸ ಹೋಗಬಾರದು. ಇಂಥವರಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಸಾಮಾನ್ಯವಾಗಿ ಎರಡು ವಾರ ತಾಯಿ ಮಗು ಇಬ್ಬರನ್ನೂ ಉಳಿಸಿಕೊಂಡು ಚಿಕಿತ್ಸೆ ಕೊಡುತ್ತಾರೆ, ತಾಯಿ ಕಳೆದುಕೊಂಡ ಕೂಲಿಗೆ ಪರಿಹಾರವೂ ಇದೆ.

ವೈದ್ಯರ ಬಳಿ ಹೋಗುವಾಗ ತಾಯಿ ಕಾರ್ಡು, ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ ಒಯ್ಯಿರಿ. ಹಿಂದಿನ ಮೂರು ದಿನ ಮಗು ಎಷ್ಟು ಹೊತ್ತಿಗೆ ಏನು, ಎಷ್ಟು ಚಮಚ ತಿಂದಿತು, ಎಷ್ಟು ಸಲ ಎದೆಹಾಲು ಕುಡಿಯಿತು, ಎಷ್ಟು ಸಲ ಮೂತ್ರ, ಮಲ, ವಾಂತಿ ಎಂಬುದನ್ನು ಬರೆದಿಟ್ಟುಕೊಳ್ಳಿ. "ಏನೂ ತಿನ್ನಲ್ಲ ಡಾಕ್ಟ್ರೇ" ಎನ್ನುವುದಕ್ಕಿಂತ ಆ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೇರೆ ಕಾಯಿಲೆಯ ಗುರುತಿಲ್ಲದಿದ್ದರೆ ಅವರು ಮೊದಲು ಊಟ ಹಾಲಿನ ಕ್ರಮ ತಿದ್ದಿ, ಒಂದೆರಡು ವಾರ ಬಿಟ್ಟು ಅದೇ ಯಂತ್ರದಲ್ಲಿ ತೂಗಿಸಲು ಹೇಳುತ್ತಾರೆ. ಆಗಲೂ ಏರದಿದ್ದರೆ ರಕ್ತ, ಮೂತ್ರದ ಪರೀಕ್ಷೆ.